ಜನವಸತಿ ಇಲ್ಲ ಎಂದು ಬರೆದವನು

ಗ್ರಾಮ ಪಂಚಾಯಿತಿಗೆ ಹೊಸದಾಗಿ ಅಭಿವೃದ್ಧಿ ಅಧಿಕಾರಿಗಳಾಗಿ ಸೇರಿದವರು ಆಗಾಗ ಮಧುಗಿರಿಯ ನಮ್ಮ ಮನೆಗೆ ಬರುತ್ತಾರೆ. "ಅನುಭವ ಹೇಳಿ ಸಾರ್" ಎನ್ನುತ್ತಾರೆ. ನಾನು ಕನ್ನಡಕ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಶುರುಮಾಡುವಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬರುತ್ತದೆ: "ಏನೇನು ಮಾಡಬಾರದು ಅಂತ ಕೇಳ್ರಪ್ಪ. ಅದು ಅವರಿಗೆ ಚೆನ್ನಾಗಿ ಗೊತ್ತು."

ಅವಳ ಮಾತಿನಲ್ಲಿ ಸುಳ್ಳಿಲ್ಲ. ಆದ್ದರಿಂದ ಇಲ್ಲಿಯೂ ಅದನ್ನೇ ಬರೆಯುತ್ತೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನನ್ನೊಬ್ಬನಿಗೆ ಮಾತ್ರ ಮುಖ್ಯ. ಈಗ ಅದು ನನಗೂ ಅಷ್ಟಾಗಿ ನೆನಪಿಲ್ಲ.

ನಾನು ಮೊದಲು ಕಾರ್ಯದರ್ಶಿಯಾಗಿ ಹೋದದ್ದು ಪಾವಗಡ ತಾಲ್ಲೂಕಿನ ಆಂಧ್ರ ಗಡಿಯ ಒಂದು ಪಂಚಾಯಿತಿಗೆ. ಬಸ್ಸಿನಿಂದ ಇಳಿದಾಗ ಟೀ ಅಂಗಡಿಯಲ್ಲಿ ಕುಳಿತಿದ್ದವರೊಬ್ಬರು, "ಗೌರ್ಮೆಂಟು ಬಂತು ನೋಡ್ರಪ್ಪ" ಎಂದರು. ಅವರು ತಮಾಷೆಗೆ ಅಂದದ್ದು. ನಾನು ನಂಬಿದೆ. ಆ ನಂಬಿಕೆ ಬಿಡಿಸಿಕೊಳ್ಳಲು ನನಗೆ ಇಡೀ ಸರ್ವಿಸ್ಸು ಬೇಕಾಯಿತು.

ಮೊದಲ ಗ್ರಾಮಸಭೆಗೆ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಭಾಷಣ ಕಲಿತಿದ್ದೆ. ಸಾರ್ವಭೌಮತ್ವ, ವಿಕೇಂದ್ರೀಕರಣ, ಸಹಭಾಗಿತ್ವ ಎಂದು ಒಂದೊಂದೂ ಬಾಯಿ ತುಂಬುವ ಮಾತು. "ನೀವೇ ಸರ್ಕಾರ, ನಾನು ಕೇವಲ ನಿಮ್ಮ ಸೇವಕ" ಎಂದು ಕೈ ಮುಗಿದು ಮುಗಿಸಿದೆ. ಚಪ್ಪಾಳೆ ಬರಲಿಲ್ಲ. ಮುಂದೆ ಕುಳಿತಿದ್ದ ಒಬ್ಬ ಮುದುಕಿ ಪಕ್ಕದವನನ್ನು ತೆಲುಗಿನಲ್ಲಿ ಕೇಳಿದಳು: "ಏಮಂಟಾಡಪ್ಪಾ?" ಏನಂತಾನೆ ಇವನು ಎಂದು. ಅವನು ಒಂದು ಕ್ಷಣ ಯೋಚಿಸಿ ಹೇಳಿದ: "ನೀಳ್ಳು ರಾವಂಟ." ನೀರು ಬರಲ್ಲವಂತೆ.

ಮುದುಕಿ ತಲೆಯಾಡಿಸಿ, ಸೆರಗು ಕೊಡವಿಕೊಂಡು ಎದ್ದು ಹೋದಳು. ನಾನು ನೀರಿನ ಹೆಸರನ್ನೇ ಎತ್ತಿರಲಿಲ್ಲ. ಆದರೆ ಅವನು ಹೇಳಿದ ಸಾರಾಂಶದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಆ ಬೇಸಿಗೆ ನೀರು ಬರಲೇ ಇಲ್ಲ.

ಕೊರಟಗೆರೆ ತಾಲ್ಲೂಕಿಗೆ ಬಂದಾಗ, ಹೆಂಗಸರು ಗ್ರಾಮಸಭೆಗೆ ಬರುವುದಿಲ್ಲ ಎಂದು ಮೇಲಿನವರು ಆಕ್ಷೇಪಣೆ ಎತ್ತಿದರು. ಹಾಗಾದರೆ ಬರುವಂತೆ ಮಾಡೋಣ ಎಂದು, ಮನೆಮನೆಗೆ ಕರಪತ್ರ ಹಂಚಿ, ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿ, ಒಂದು ಶುಕ್ರವಾರ ಮಹಿಳಾ ಗ್ರಾಮಸಭೆ ಇಟ್ಟೆ. ಶುಕ್ರವಾರ ಆ ಸೀಮೆಯ ಹೆಂಗಸರೆಲ್ಲ ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹೋಗುತ್ತಾರೆ ಎಂಬುದು ಊರಿನ ಮಕ್ಕಳಿಗೂ ಗೊತ್ತಿತ್ತು. ಶಾಲೆಯ ಮುಂದೆ ಶಾಮಿಯಾನದ ಕೆಳಗೆ ನಾನು ಕುಳಿತಿದ್ದೆ. ನನ್ನ ಕಣ್ಣೆದುರೇ ಬಸ್ಸು ತುಂಬಿಕೊಂಡು ಹೋಯಿತು. ಕಿಟಕಿಯಿಂದ ಇಬ್ಬರು ನನ್ನತ್ತ ಕೈ ಬೀಸಿದರು. ಕರಪತ್ರದಲ್ಲಿ ನನ್ನ ಫೋಟೋ ಇದ್ದುದರಿಂದ ಗುರುತು ಸಿಕ್ಕಿರಬೇಕು.

ಶಿರಾ ತಾಲ್ಲೂಕಿನಲ್ಲಿದ್ದಾಗ ಮೊಬೈಲ್ ಕಾಲ ಬಂತು. ಸಭೆ ನಡೆದದ್ದಕ್ಕೆ ಫೋಟೋ ಹಾಕಬೇಕು, ಫೋಟೋದಲ್ಲಿ ಜನ ಕಾಣಬೇಕು. ನನ್ನ ಸಭೆಗೆ ಜನ ಇರಲಿಲ್ಲ, ಆದರೆ ಪಕ್ಕದ ಛತ್ರದಲ್ಲಿ ಬೇಕಾದಷ್ಟಿದ್ದರು. ನನ್ನ ಬ್ಯಾನರನ್ನು ಅಲ್ಲಿಗೇ ಹೊತ್ತೊಯ್ದು, ಒಂದು ಫೋಟೋ ತೆಗೆದು ಕಳಿಸಿಬಿಟ್ಟೆ. ಮರುದಿನ ನಮ್ಮ ಕಾರ್ಯನಿರ್ವಾಹಕ ಅಧಿಕಾರಿಗಳು ಕರೆದರು. ಅವರು ಗದರುವ ಮನುಷ್ಯರಲ್ಲ. ಮೆತ್ತಗೆ ಮಾತಾಡಿಯೇ ಜೀವ ತೆಗೆಯುತ್ತಿದ್ದರು.

"ಒಳ್ಳೇ ಜನ ಸೇರಿದಾರಲ್ರೀ ನಿಮ್ಮ ಸಭೆಗೆ."

"ಎಲ್ಲಾ ತಮ್ಮ ಪ್ರೋತ್ಸಾಹ ಸಾರ್."

"ಅದ್ಯಾಕೆ ಎಲ್ರಿಗೂ ಒಂದೊಂದು ಕಣ್ಣಿಗೆ ಬ್ಯಾಂಡೇಜು?"

ಛತ್ರದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರ ಶಿಬಿರ ನಡೆಯುತ್ತಿತ್ತು. ಆತುರದಲ್ಲಿ ನಾನು ಮುಖಗಳನ್ನು ನೋಡಿಯೇ ಇರಲಿಲ್ಲ, ತಲೆ ಮಾತ್ರ ನೋಡಿದ್ದೆ. ಸಾಹೇಬರು ಫೋನನ್ನು ಮೇಜಿನ ಮೇಲಿಟ್ಟು, "ಇನ್ನೊಂದು ಸಲ ಸಭೆ ಮಾಡಿ. ಈ ಸಲ ಎರಡೂ ಕಣ್ಣು ಬಿಟ್ಕೊಂಡಿರೋರು ಇರಲಿ" ಎಂದರು. ಆ ತಾಲ್ಲೂಕಿನಿಂದ ಹೊರಡುವವರೆಗೂ ಸಹೋದ್ಯೋಗಿಗಳು ನನ್ನನ್ನು 'ಡಾಕ್ಟ್ರೇ' ಎಂದು ಕರೆಯುತ್ತಿದ್ದರು.

ಇಷ್ಟೆಲ್ಲ ಬೆನ್ನಿಗೆ ಕಟ್ಟಿಕೊಂಡು ಕೊನೆಗೆ ಮಧುಗಿರಿ ತಾಲ್ಲೂಕಿಗೆ, ದೊಡ್ಡೇರಿ ಕಡೆಯ ಒಂದು ಪಂಚಾಯಿತಿಗೆ ಬಂದೆ. ನಿವೃತ್ತಿ ಹತ್ತಿರ ಇತ್ತು. ಗಲಾಟೆ ಇಲ್ಲದೆ ಮುಗಿಸಿಕೊಂಡರೆ ಸಾಕು ಎಂದು ದೇವರಿಗೆ ಹರಕೆ ಹೊತ್ತಿದ್ದೆ. ದೇವರು ಹನುಮಕ್ಕನನ್ನು ಕೊಟ್ಟ.

ಹನುಮಕ್ಕ ಅಲ್ಲಿನ ಅಧ್ಯಕ್ಷೆ. ಮಹಿಳಾ ಮೀಸಲು ವಾರ್ಡಿನಿಂದ ಗೆದ್ದು, ಯಾರಿಗೂ ಮೀಸಲಿಲ್ಲದ ಅಧ್ಯಕ್ಷ ಸ್ಥಾನಕ್ಕೆ ಬಂದವರು. ಆ ಊರಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನ ನಡುವೆ ಬದುಕಿ ಬದುಕಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಕಚೇರಿಯಲ್ಲಿ ಗುಟ್ಟಿನ ವಿಷಯ ಎತ್ತಿದರೆ ಬಸ್‌ಸ್ಟಾಪಿನವರೆಗೂ ಕೇಳಿಸುತ್ತಿತ್ತು. ರಾಗಿ ಬೀಸಿಸಲು ಬಂದವರೆಲ್ಲ ಊರಿನ ಕಷ್ಟಸುಖವನ್ನು ಅವರ ಕಿವಿಗೆ ಹಾಕಿ ಹೋಗುತ್ತಿದ್ದರು. ಮುಂಗೋಪಿ, ಹಟಮಾರಿ, ಕಡತ ಓದಲು ತಾಳ್ಮೆ ಇಲ್ಲ. ಕಾನೂನು ಹೇಳಿದರೆ ಆಕಳಿಸುತ್ತಿದ್ದರು. ಕಡತ ಓದದ ಇಂಥವರನ್ನು ಸುಲಭವಾಗಿ ನಡೆಸಿಕೊಂಡು ಹೋಗಬಹುದು ಎಂದು ನಾನು ಲೆಕ್ಕ ಹಾಕಿದ್ದೆ.

ಆಗ ಪ್ರತಿ ಪಂಚಾಯಿತಿಯೂ ಒಂದು ಕಸ ವಿಲೇವಾರಿ ಘಟಕ ಕಟ್ಟಬೇಕು ಎಂದು ಆದೇಶ ಬಂದಿತ್ತು. ಜಾಗ ಹುಡುಕುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ನಕ್ಷೆ ತೆರೆದು, ಕಾಫಿ ಕುಡಿಯುತ್ತಾ ಹುಡುಕಿದೆ. ಗುಡ್ಡದ ಬುಡದಲ್ಲಿ ಒಂದು ಸರ್ಕಾರಿ ಖರಾಬು ಜಮೀನು ಖಾಲಿಯಾಗಿ ಕಾಣಿಸಿತು. "ಸದರಿ ಸ್ಥಳದ ಸಮೀಪ ಜನವಸತಿ ಇಲ್ಲ" ಎಂದು ವರದಿ ಬರೆದೆ. ಪದಗಳ ಜೋಡಣೆ ಚೆನ್ನಾಗಿ ಬಂದಿದೆ ಅನ್ನಿಸಿ ಇನ್ನೊಂದು ಸಲ ಓದಿಕೊಂಡೆ.

ಅದರ ಪಕ್ಕದಲ್ಲೇ ಬಂಡೆಹಟ್ಟಿ ಇತ್ತು. ಕುರಿ ಸಾಕುವವರ ಕೆಲವೇ ಮನೆಗಳು. ನಕ್ಷೆಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಹಟ್ಟಿ ಇರುವುದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಬರೆಯುವಾಗ ನೆನಪಾಗಲಿಲ್ಲ. ಉಪಾಧ್ಯಕ್ಷ ತಿಮ್ಮರಾಜು ಮಾತ್ರ ನೆನಪಿಟ್ಟುಕೊಂಡೇ ಒಪ್ಪಿದರು. "ಒಳ್ಳೇ ಜಾಗ ನೋಡಿದೀರಾ ಸಾರ್. ಅಲ್ಲಿರೋ ಓಟೆಷ್ಟು ಮಹಾ! ಕೂಗಿದ್ರೂ ಇಲ್ಲಿಗೆ ಕೇಳ್ಸಲ್ಲ" ಎಂದರು.

ಹನುಮಕ್ಕನೂ ಮೊದಲು ಒಪ್ಪಿದ್ದರು. ಆಮೇಲೆ, "ಯಾವ್ದುಕ್ಕೂ ಅಲ್ಲೇ ಒಂದು ಸಭೆ ಮಾಡಿ ಕೇಳ್ಬುಡಾನ ಸಾರ್" ಎಂದರು.

"ಬೇಕಿಲ್ಲ ಅಧ್ಯಕ್ಷರೇ. ನಾನು ವರದಿ ಬರೆದಾಗಿದೆ" ಎಂದೆ.

"ವರ್ದಿ ತಗಂಡೇ ಬನ್ನಿ. ಅವ್ರಿಗೂ ಓದಿ ಹೇಳಾನ."

ಹೋದೆವು. ಹಟ್ಟಿಯ ಬೇವಿನ ಮರದ ಕೆಳಗೆ ಗಂಡಸರು, ಹೆಂಗಸರು, ಮಕ್ಕಳು ಸೇರಿದ್ದರು, ಒಂದಷ್ಟು ಕುರಿಮರಿಗಳೂ ಇದ್ದವು. ನನಗೊಬ್ಬನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಹನುಮಕ್ಕ ಕಲ್ಲಿನ ಮೇಲೆ ಕುಳಿತು, ನನ್ನ ಕೈಯಿಂದ ವರದಿ ಇಸಕೊಂಡು, ಗಿರಣಿಯ ದನಿಯಲ್ಲಿ ಓದತೊಡಗಿದರು. ನಾನು ಹೆಮ್ಮೆಯಿಂದ ಕೇಳುತ್ತಿದ್ದೆ.

"ಸದರಿ ಸ್ಥಳದ ಸಮೀಪ ಜನವಸತಿ ಇಲ್ಲ" ಎಂದು ಓದಿದವರು ನಿಲ್ಲಿಸಿದರು. ಕಾಗದದಿಂದ ತಲೆಯೆತ್ತಿ ಎದುರಿಗಿದ್ದವರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಂಗಂದ್ರೇನಮ್ಮ?" ಎಂದಳು ಮುಂದೆ ಕುಳಿತಿದ್ದ ಸಿದ್ದಮ್ಮ. ಹಟ್ಟಿಯಲ್ಲಿ ಹಿರಿಯಳು, ಅವಳು ಬಾಯಿ ತೆರೆದರೆ ಉಳಿದವರು ಸುಮ್ಮನಾಗುತ್ತಿದ್ದರು.

"ಇಲ್ಲಿ ಯಾರೂ ವಾಸ ಇಲ್ಲ ಅಂತ" ಎಂದರು ಹನುಮಕ್ಕ.

ಸಿದ್ದಮ್ಮ ಎಡಗಡೆ ನೋಡಿದಳು, ಬಲಗಡೆ ನೋಡಿದಳು. "ಅಂಗಾರೆ ನಾವ್ಯಾರು ಸಾಮಿ?" ಎಂದು ನನ್ನನ್ನೇ ಕೇಳಿದಳು.

ಇಲಾಖೆಯ ಪರೀಕ್ಷೆಗಳಲ್ಲಿ ನಾನು ಬಹಳ ಕಠಿಣವಾದ ಪ್ರಶ್ನೆಗಳಿಗೆ ಉತ್ತರ ಬರೆದವನು. "ಅದು... ತಾಂತ್ರಿಕವಾಗಿ..." ಎಂದೆ. ಹಿಂದಿನಿಂದ ಯಾರೋ, "ತಾಂತ್ರಿಕವಾಗಿ ಸತ್ತೋಗಿದೀವಂತೆ ಕಣ್ಲಾ" ಎಂದರು. ಎಲ್ಲರೂ ನಕ್ಕರು. ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

ನಗು ನಿಂತ ಮೇಲೆ ಸಿದ್ದಮ್ಮ ಗುಡ್ಡದ ಕಡೆ ಕೈ ತೋರಿಸಿದಳು. ನಾನು ಆರಿಸಿದ್ದ ಜಾಗದ ಕೆಳಗೇ ಒಂದು ಕಟ್ಟೆ, ಅದರಲ್ಲಿ ಮಳೆನೀರು. ಹಟ್ಟಿಯ ಕುರಿಗಳೆಲ್ಲ ಕುಡಿಯುವುದು ಅದನ್ನೇ. "ಊರ ಕಸ ತಂದು ಅದ್ರ ತಲೆ ಮ್ಯಾಲೆ ಸುರಿದ್ರೆ ಎಲ್ಲಾ ಅಲ್ಲಿಗೇ ಇಳೀತದೆ. ಕವರ್ ತಿಂದ ಕುರಿ ಹೊಟ್ಟೆ ಉಬ್ಬಿ ಸಾಯ್ತದೆ. ನಮ್ಗೆ ಹೊಲ ಇಲ್ಲ ತೋಟ ಇಲ್ಲ, ಇರೋದೇ ಕುರಿ. ಹೇಳಮ್ಮ ಅಧ್ಯಕ್ಸ್ರೇ, ನಾವೂ ನಿಂಗೆ ಓಟಾಕಿದೀವಿ" ಎಂದಳು.

ಹನುಮಕ್ಕ ಅಲ್ಲಿ ಏನೂ ಮಾತು ಕೊಡಲಿಲ್ಲ. ವಾಪಸ್ ಬರುವಾಗ ನನ್ನ ಸ್ಕೂಟರಿನ ಹಿಂದೆ ಕುಳಿತು, ಇಡೀ ದಾರಿಗೆ ಕೇಳುವಂತೆ, "ಎಂಥಾ ಕೆಲ್ಸ ಮಾಡಿದ್ರಿ ಸಾರ್ ನೀವು! ನಾನೂ ಓದ್ದೇನೇ ಸೈನ್ ಹಾಕ್ಬುಟ್ಟೆ" ಎಂದರು.

ಮುಂದಿನದು ದೊಡ್ಡ ಗ್ರಾಮಸಭೆ. ಕಸದ ವಿಷಯ ಎಂದು ಶಾಲೆಯ ಮೈದಾನ ತುಂಬಿತ್ತು. ಎಲ್ಲರ ಎರಡೂ ಕಣ್ಣು ತೆರೆದಿದ್ದವು. ತಿಮ್ಮರಾಜು ಎದ್ದು, "ಬಂಡೆಹಟ್ಟಿ ಜಾಗವೇ ಸರಿ ಅನ್ನೋರು ಕೈ ಎತ್ತಿ" ಎಂದರು. ಮೈದಾನದ ತುಂಬ ಕೈಗಳು ಎದ್ದವು. ಒಂದು ಮೂಲೆಯಲ್ಲಿ ಹಟ್ಟಿಯವರು ಮಾತ್ರ ಕೈ ಕಟ್ಟಿ ಕುಳಿತಿದ್ದರು. ನನಗೆ ಸಮಾಧಾನವಾಯಿತು. ಇದು ಪ್ರಜೆಗಳ ತೀರ್ಮಾನ, ನನ್ನ ವರದಿಗೂ ಮಾನ ಉಳಿಯಿತು ಎಂದುಕೊಂಡು ನಡಾವಳಿ ಬರೆಯಲು ಪೆನ್ನು ತೆಗೆದೆ.

ಹನುಮಕ್ಕ ಎದ್ದರು. ಮೈಕು ಬೇಕಿರಲಿಲ್ಲ.

"ಸರಿ. ಇನ್ನೊಂದು ಕೇಳ್ತೀನಿ. ಕಸ ನಮ್ಮನೆ ಪಕ್ಕ ಇರ್ಲಿ ಅನ್ನೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ.

"ನಿಮ್ಗೆ ಯಾರ್ಗೂ ಬ್ಯಾಡ. ಅವ್ರಿಗೂ ಬ್ಯಾಡ. ಅವ್ರು ಕಮ್ಮಿ ಜನ ಅವ್ರೆ, ಅದುಕ್ಕೆ ಅವ್ರ ನೀರಿಗೆ ಸುರೀರಿ ಅಂತೀರಾ. ಇಂಥಾ ಕೆಲ್ಸ ಮಾಡ್ಲಿ ಅಂತಾನಾ ನನ್ನ ಆರ್ಸಿದ್ದು?"

"ಹೂಂ ಕಣಕ್ಕ, ಅದುಕ್ಕೇ!" ಎಂದು ಹಿಂದಿನಿಂದ ಒಬ್ಬ ಕೂಗಿದ. ಎಲ್ಲರ ಜೊತೆ ಹನುಮಕ್ಕನೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ನನ್ನ ಗಿರಣಿ ಪಕ್ಕ ಪಂಚಾಯ್ತಿ ಸೈಟು ಖಾಲಿ ಬಿದ್ದೈತೆ. ಅಲ್ಲಿ ಕಟ್ಟಾನ. ಕಸ ಊರಿಂದು, ಊರಲ್ಲೇ ಇರ್ಲಿ. ನಾತ ಬಂದ್ರೆ ಮೊದ್ಲು ನನ್ನ ಮೂಗಿಗೆ ಬತ್ತದೆ. ಸರಿಯಾಗಿ ನೋಡ್ಕಳ್ದೆ ಇರ್ತೀನಾ?"

ನಾನು ಪಕ್ಕಕ್ಕೆ ಬಾಗಿ, "ಅಧ್ಯಕ್ಷರೇ, ಇದು ಅಜೆಂಡಾದಲ್ಲಿ ಇಲ್ಲ" ಎಂದೆ.

"ಬರ್ಕಳಿ ಸಾರ್, ಈಗ ಐತೆ" ಎಂದರು.

ಅವರ ಬೀದಿಯವರು ಬೊಬ್ಬೆ ಹಾಕಿದರು. ಆ ಬೀದಿಯಲ್ಲೇ ತಿಮ್ಮರಾಜು ಅವರ ಮನೆ. ಆದರೆ ಮಿಕ್ಕ ಬೀದಿಗಳವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮ ಮನೆಯ ಪಕ್ಕ ಅಲ್ಲವಲ್ಲ ಎಂದು ಕೆಲವರಿಗೆ ಅನ್ನಿಸಿರಬೇಕು, ಹೆಂಗಸು ಹೇಳುವುದರಲ್ಲಿ ನ್ಯಾಯವಿದೆ ಎಂದು ಕೆಲವರಿಗೆ ಅನ್ನಿಸಿರಬೇಕು. ಕೈಗಳು ಎದ್ದವು. ಹಟ್ಟಿಯವರು ಎರಡೆರಡು ಕೈ ಎತ್ತಿದರು. ಒಬ್ಬರಿಗೆ ಒಂದೇ ಕೈ ಎಂದು ನಾನು ಕಾನೂನು ಹೇಳಬೇಕಾಯಿತು. ಆ ಇಡೀ ಸಭೆಯಲ್ಲಿ ನಾನು ಮಾಡಿದ ಕೆಲಸ ಅದೊಂದೇ.

ಘಟಕದ ಗೋಡೆ ಏಳುವಷ್ಟರಲ್ಲಿ ತಿಮ್ಮರಾಜು ಸದಸ್ಯರನ್ನು ಒಟ್ಟುಮಾಡಿ ಅಧ್ಯಕ್ಷರ ಮೇಲೆ ಅವಿಶ್ವಾಸಕ್ಕೆ ಸಹಿ ಹಾಕಿಸಿದರು. ಗಿರಣಿಗೆ ಬರುವವರೂ ಕಡಿಮೆಯಾದರು. ಕಸದ ಪಕ್ಕ ಬೀಸಿದ ಹಿಟ್ಟು ಯಾರಿಗೆ ಬೇಕು ಎಂದು ಕೆಲವರು ರಾಗಿಯನ್ನು ಪಕ್ಕದ ಊರಿಗೆ ಹೊರತೊಡಗಿದರು. ನನಗೆ ಹನುಮಕ್ಕನ ಮೇಲೆ ಕನಿಕರ ಬಂತು. ಜೊತೆಗೆ ಹೊಸ ಅಧ್ಯಕ್ಷರು ಬಂದರೆ ನನ್ನ ಕೊನೆಯ ದಿನಗಳು ಹೇಗಾಗುತ್ತವೋ ಎಂಬ ಭಯವೂ ಬಂತು. ಯಾವುದು ಹೆಚ್ಚಿತ್ತು ಎಂದು ಕೇಳಬೇಡಿ. ಗಿರಣಿಗೆ ಹೋಗಿ ಬುದ್ಧಿವಾದ ಹೇಳಿದೆ.

"ಜಾಗ ಬದಲಾಯಿಸ್ತೀನಿ ಅಂದುಬಿಡಿ ಅಮ್ಮ. ತಿಮ್ಮರಾಜು ಸುಮ್ಮನಾಗ್ತಾರೆ. ಕುರ್ಚಿ ಉಳಿಯುತ್ತೆ. ನಾನು ಕಾಗದ ಸರಿಮಾಡ್ತೀನಿ."

ಗಿರಣಿ ನಿಂತಿತ್ತು. ಆದ್ದರಿಂದಲೋ ಏನೋ, ಹನುಮಕ್ಕ ಆವತ್ತು ಮೆಲ್ಲಗೆ ಮಾತಾಡಿದರು.

"ಕುರ್ಚಿ ಅವ್ರು ಕೊಟ್ಟಿದ್ದು ಸಾರ್. ವಾಪಸ್ ಕೇಳಿದ್ರೆ ಕೊಡ್ಬೇಕು. ಆದ್ರೆ ಆ ಹಟ್ಟಿನ ನಂಗೆ ಯಾರು ಕೊಟ್ಟವ್ರೆ, ನಾನು ಬುಟ್ಟುಕೊಡಕ್ಕೆ?"

ಮನೆಗೆ ರಾಗಿ ಬೀಸಿಸುವುದಿದೆ, ನಾಳೆ ತರುತ್ತೇನೆ ಎಂದು ಸುಳ್ಳು ಹೇಳಿ ಎದ್ದುಬಂದೆ. ಮರುದಿನ ಆ ಸುಳ್ಳನ್ನು ಉಳಿಸಿಕೊಳ್ಳಲು ನಿಜವಾಗಿಯೂ ಮಧುಗಿರಿಯಿಂದ ರಾಗಿ ಹೊತ್ತು ತರಬೇಕಾಯಿತು.

ಅವಿಶ್ವಾಸದ ಸಭೆಗೆ ಮಧುಗಿರಿಯಿಂದ ಉಪವಿಭಾಗಾಧಿಕಾರಿಗಳು ಬಂದರು. ಊರೆಲ್ಲ ಬಂದು ಕಚೇರಿಯ ಮುಂದೆ ನಿಲ್ಲುತ್ತದೆ, ಸದಸ್ಯರ ಮನಸ್ಸು ಕರಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಊರು ಬರಲಿಲ್ಲ. ಸಿದ್ದಮ್ಮ ಮತ್ತು ಹಟ್ಟಿಯ ಕೆಲವರು ಮಾತ್ರ ಬಂದರು. ಕುರಿ ಬಿಟ್ಟು ಬರುವಂತಿಲ್ಲವಾದ್ದರಿಂದ ಕುರಿಗಳನ್ನೂ ತಂದಿದ್ದರು. ಒಳಗೆ ಸದಸ್ಯರು ಒಬ್ಬೊಬ್ಬರಾಗಿ ಕೈ ಎತ್ತುತ್ತಿದ್ದಾಗ, ಹೊರಗೆ ಕುರಿಗಳು ನಾನು ಮುತುವರ್ಜಿಯಿಂದ ಬೆಳೆಸಿದ್ದ ದಾಸವಾಳವನ್ನು ಬುಡಸಮೇತ ಮುಗಿಸಿದವು. ಕಿಟಕಿಯಿಂದ ಕಾಣುತ್ತಿತ್ತು. ಎದ್ದು ಹೋಗುವಂತಿರಲಿಲ್ಲ.

ಹನುಮಕ್ಕ ಸೋತರು. ಬೇಕಾದಷ್ಟು ಕೈಗಳು ಅವರ ವಿರುದ್ಧ ಎದ್ದವು. ಅವರು ಅಧಿಕಾರಿಗಳಿಗೆ ಕೈ ಮುಗಿದು, ತಿಮ್ಮರಾಜುವಿಗೆ, "ಬಾರಪ್ಪ, ನಿಂದೇ ಈಗ. ಆ ಕುರ್ಚಿ ಒಂದು ಕಾಲು ಅಲ್ಲಾಡ್ತದೆ, ಹುಷಾರಾಗಿ ಕೂತ್ಕ" ಎಂದು ಹೊರಗೆ ಬಂದರು. ಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. "ಅಳ್ಬ್ಯಾಡ ಸುಮ್ನಿರಮ್ಮ, ಮೆಂಬರ್ ಆಗಿ ಇನ್ನೂ ಇದೀನಲ್ಲ" ಎಂದು ಹನುಮಕ್ಕ ಅವಳ ಬೆನ್ನು ಸವರಿದರು. ಆಮೇಲೆ ಗಿರಣಿಯ ಹಿಂಬದಿಗೆ ಹೋಗಿ ಅವರೂ ಅತ್ತರಂತೆ. ಅದನ್ನು ನನಗೆ ಹೇಳಿದ್ದು ಬೀದಿಯವರು.

ಮುಂದೆ ತಿಮ್ಮರಾಜು ಅಧ್ಯಕ್ಷರಾದರು. ಘಟಕ ನಿಲ್ಲಿಸಬೇಕೆಂದು ಹೊರಟರು, ಆದರೆ ಆಗಲೇ ಸೂರು ಹಾಕಿಯಾಗಿತ್ತು. ಸ್ವಸಹಾಯ ಸಂಘದ ಹೆಂಗಸರು ಮನೆಮನೆಯಿಂದ ಒಣಕಸ ತಂದು ಬೇರೆಬೇರೆ ಮಾಡತೊಡಗಿದರು. ನಾತ ಬರುತ್ತದೆ ಎಂದು ನಾನು ಕಾದೆ, ತಿಮ್ಮರಾಜುವೂ ಕಾದರು. ಬರಲಿಲ್ಲ. ದೂರದ ಊರಿಗೆ ಹೊರಲು ಬೇಜಾರಾಗಿ ರಾಗಿಯ ಚೀಲಗಳೂ ನಿಧಾನಕ್ಕೆ ಗಿರಣಿಗೆ ವಾಪಸಾದವು. ಉದ್ಘಾಟನೆಯ ಫೋಟೋದಲ್ಲಿ ತಿಮ್ಮರಾಜು ರಿಬ್ಬನ್ ಕತ್ತರಿಸುತ್ತಿದ್ದಾರೆ, ಪಕ್ಕದಲ್ಲಿ ನಾನು ತಟ್ಟೆ ಹಿಡಿದಿದ್ದೇನೆ.

ನನ್ನ ಸರ್ವಿಸ್ಸಿನ ಕೊನೆಯ ಗ್ರಾಮಸಭೆಗೆ ಹನುಮಕ್ಕ ಬಂದರು. ತಿಮ್ಮರಾಜು, "ಮೇಲೆ ಬನ್ನಿ ಅಕ್ಕ, ಮೆಂಬರ್‌ಗಳು ಇಲ್ಲಿ ಕೂರ್ಬೇಕು" ಎಂದು ಕುರ್ಚಿ ತೋರಿಸಿದರು. ಅವರು ಹೋಗಲಿಲ್ಲ. ಕೆಳಗೆ ಜಮಖಾನದ ಮೇಲೆ ಸಿದ್ದಮ್ಮನ ಪಕ್ಕ ಕುಳಿತು, "ಇಲ್ಲೇ ಸರಿ ಐತೆ. ಮ್ಯಾಲೆ ಕೂತೋರ್ನ ಕೇಳೋದು ಇಲ್ಲಿಂದ್ಲೇ" ಎಂದರು. ಕೇಳಿಯೂ ಕೇಳಿದರು: "ಬಂಡೆಹಟ್ಟಿಗೆ ನಲ್ಲಿ ಯಾವಾಗ ಹಾಕ್ತೀರಾ ಸಾರ್?"

ನಾನು ಅಭ್ಯಾಸಬಲದಿಂದ, "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂದೆ. ಜನ ಹೋ ಎಂದು ನಕ್ಕರು. ತಿಮ್ಮರಾಜುವೂ ನಕ್ಕರು. ಇಷ್ಟು ವರ್ಷ ಈ ವಾಕ್ಯ ಹೇಳಿ ಬದುಕಿದವನು ನಾನು. ಅದು ನಗುವಂಥದ್ದು ಎಂದು ಆವತ್ತು ನನಗೂ ಕೇಳಿಸಿತು. ಎದ್ದು ನಿಂತು ಹೇಳಿದೆ: "ನನಗೆ ಗೊತ್ತಿಲ್ಲ. ತಾಲ್ಲೂಕಿನಲ್ಲಿ ವಿಚಾರಿಸಿ, ನಾನೇ ಹಟ್ಟಿಗೆ ಬಂದು ಹೇಳ್ತೀನಿ."

ವಿಚಾರಿಸಿದೆ. ಈ ವರ್ಷದ ಯೋಜನೆಯಲ್ಲಿ ಬಂಡೆಹಟ್ಟಿ ಇಲ್ಲ, ಮುಂದಿನ ವರ್ಷ ಸೇರಿಸಲು ಪ್ರಯತ್ನಿಸಬಹುದು ಎಂದರು. ಒಂದು ಫೋನ್ ಮಾಡಿ ಮುಗಿಸಿಬಿಡಬಹುದಿತ್ತು. ಸ್ಕೂಟರ್ ತೆಗೆದುಕೊಂಡು ಹೋದೆ. ಬೇವಿನ ಮರದ ಕೆಳಗೆ ನಿಂತು, ಯೋಜನೆಯಲ್ಲಿ ಇಲ್ಲ ಎಂಬುದನ್ನು ಹಾಗೆಯೇ ಹೇಳಿದೆ. ಹಟ್ಟಿಯವರು ಸುತ್ತ ಸೇರಿ ಬೈದರು. ಸರ್ಕಾರವನ್ನು ಬೈದರು, ತಿಮ್ಮರಾಜುವನ್ನು ಬೈದರು, ನನ್ನನ್ನು ಬೈದರು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಸಿದ್ದಮ್ಮ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಳು. "ಸಾಕು ಬುಡ್ರಲೇ, ಉಸ್ರು ಬುಡ್ಲಿ. ಇಲ್ಲ ಅಂತ ಹೇಳಕ್ಕಾದ್ರೂ ಒಬ್ಬ ಇಲ್ಲೀಗಂಟ ಬಂದವ್ನೆ" ಎಂದು ಅವರನ್ನು ಗದರಿ, ನನ್ನ ಕಡೆ ತಿರುಗಿ, "ಕೂತ್ಕ ಸಾಮಿ" ಎಂದಳು.

ಕಲ್ಲಿನ ಮೇಲೆ ಕುಳಿತೆ. ನಾನು ಮಜ್ಜಿಗೆ ಕುಡಿದು ಮುಗಿಸುವವರೆಗೆ ಕಾದಿದ್ದು, ಅವರು ಮತ್ತೆ ಬೈಯಲು ಶುರುಮಾಡಿದರು.